ಹತ್ತದ ಟಾರ್ಚು

ಶಾಲೆಯ ಸ್ಟಾಫ್ ರೂಮಿನಿಂದ
ಶನಿವಾರ, ಫೆಬ್ರವರಿ ೪

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ದಂತ ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಇರಬೇಡ, ಅಲ್ಲಿರುವ ಕುರ್ಚಿ ಬರೀ ರೋಗಿಗಳಿಗಲ್ಲ. ಅಮ್ಮ ಚೆನ್ನಾಗಿದ್ದಾಳೆ. ನೀನು ಮಾಡಿಸಿಕೊಟ್ಟ ಹಲ್ಲಿನ ಸೆಟ್ಟನ್ನು ಹಾಕಿಕೊಳ್ಳುವುದಕ್ಕಿಂತ ಡಬ್ಬಿಯಲ್ಲಿಟ್ಟು ನೆಂಟರಿಗೆ ತೋರಿಸುವುದೇ ಹೆಚ್ಚು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು 'ಹೋಗ್ಲಿ ಬಿಡೇ' ಅನ್ನುತ್ತೀ. ನಾನೂ ಬಿಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಹೋದ ವರ್ಷ ನೀನು ಬಂದು ನಮ್ಮ ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸಿ ಹೋದೆಯಲ್ಲ, ಅದನ್ನು ಬಿಟ್ಟಿಲ್ಲ. ಊಟವಾದ ಮೇಲೆ ನನ್ನ ಎರಡನೇ ತರಗತಿಯವರು ನಲ್ಲಿಕಟ್ಟೆಯ ಮುಂದೆ ಸಾಲು ನಿಲ್ಲುತ್ತಾರೆ. ಬ್ರಷ್ಷು ಬಾಯಲ್ಲಿಟ್ಟುಕೊಂಡು ಹಾಡಲಾಗುವುದಿಲ್ಲವಾದ್ದರಿಂದ ಎರಡು ನಿಮಿಷ ತುಂಬುವವರೆಗೆ ನಾನೇ ಒಂದು ಕವಿತೆ ಓದುತ್ತೇನೆ. ಇಂಥ ಕೇಳುಗರು ಯಾವ ಕವಿಗೂ ಸಿಕ್ಕಿರಲಿಕ್ಕಿಲ್ಲ; ನಡುವೆ ಎದ್ದು ಹೋಗುವಂತಿಲ್ಲ, ಚಪ್ಪಾಳೆಗೆ ಕೈ ಬಿಡುವಿಲ್ಲ. ಪ್ರತಿ ಸೋಮವಾರ ನೀನು ಕೊಟ್ಟ ಪುಟ್ಟ ಟಾರ್ಚಿನ ಬೆಳಕು ಬಿಟ್ಟು ಒಬ್ಬೊಬ್ಬರ ಬಾಯಿ ನೋಡಿ, ರಿಜಿಸ್ಟರಿನಲ್ಲಿ ಸರಿ ಗುರುತು ಹಾಕಬೇಕು. ಅದೂ ಒಂದು ವಾರ ತಪ್ಪಿಲ್ಲ. ತಪ್ಪಿದ್ದು ಬೇರೆ.

ಜನವರಿಯ ನಡುವೆ ಟಾರ್ಚಿನ ಸೆಲ್ಲು ಮುಗಿಯಿತು. ನಾಳೆ ತಂದರಾಯಿತು ಅಂದುಕೊಂಡೆ. ಆ ಸೋಮವಾರ ಹತ್ತದ ಟಾರ್ಚನ್ನೇ ಹಿಡಿದೆ, ಮಕ್ಕಳು 'ಆ' ಎಂದು ಬಾಯಿ ತೆರೆದವು, ನಾನು ಗುರುತು ಹಾಕಿದೆ. ಮುಂದಿನ ಸೋಮವಾರವೂ ಹಾಗೆಯೇ. ಬೆಳಕಿಲ್ಲದೆಯೂ ಕೆಲಸ ಸಾಗುತ್ತದೆ ಎಂದಾದ ಮೇಲೆ ಸೆಲ್ಲಿನ ನೆನಪೇ ಹೋಯಿತು. ಸಾಲಿನ ಕೊನೆಯಲ್ಲಿ ನಾವು ಇರುವೆ ಅಂತ ಕರೆಯುವ ಹುಡುಗಿ ನಿಲ್ಲುತ್ತಾಳೆ. ಸಾಲು ಬಿಟ್ಟು ಆಚೀಚೆ ಹೋದವಳಲ್ಲ, ಮಾತಂತೂ ಅಳೆದು ತೂಗಿ ಆಡಿದಷ್ಟೇ. ಮೂರನೆಯ ಸೋಮವಾರ ಅವಳೊಬ್ಬಳೇ ಹೇಳಿದಳು, 'ಟೀಚರ್, ಲೈಟ್ ಹತ್ತಿಲ್ಲ.' 'ಅಧಿಕಪ್ರಸಂಗ ಬೇಡ, ಬಾಯಿ ತೆಗಿ' ಅಂದೆ. ತೆಗೆದಳು. ಗುರುತು ಹಾಕಿದೆ.

ಮೊನ್ನೆ ಗುರುವಾರ ತರಗತಿಯಲ್ಲಿ ನೋಡುತ್ತೇನೆ, ಅವಳ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು, ಮೈ ಕೆಂಡ. ಎತ್ತಿಕೊಂಡೇ ಆಸ್ಪತ್ರೆಗೆ ಓಡಿದೆ. ಕೀವು ತೆಗೆದು ಎರಡು ದವಡೆಹಲ್ಲು ಕಿತ್ತರು. ಈಗ ಪ್ರಾಣಕ್ಕೆ ಅಪಾಯವಿಲ್ಲ. 'ಎರಡು ವಾರದ ಹಿಂದೇನೇ ಕಪ್ಪಗೆ ಕಂಡಿರತ್ತೆ, ಯಾರೂ ನೋಡಲಿಲ್ವಾ?' ಎಂದು ಡಾಕ್ಟರು ಕೇಳಿದಾಗ ನಾನು ಬಾಗಿಲ ಬಳಿಯೇ ಇದ್ದೆ. ಅಷ್ಟು ದಿನ ಆ ಮಗು ಒಂದೇ ಕಡೆ ಅಗಿಯುತ್ತಿದ್ದಿರಬೇಕು. ಮೌನಕ್ಕೆ ಎಷ್ಟು ಆಳವಿದೆ ಎಂದು ಎಂ.ಎ.ಯಲ್ಲಿ ಇಪ್ಪತ್ತು ಪುಟ ಬರೆದವಳು ನಾನು. ನನ್ನ ಕಣ್ಣೆದುರಿನ ಮೌನ ಹಲ್ಲುನೋವಾಗಿತ್ತು. ನಿನ್ನೆ ಸೆಲ್ಲು ತಂದು ಎಲ್ಲರ ಬಾಯನ್ನೂ ಮತ್ತೆ ನೋಡಿದೆ. ಇನ್ನೂ ನಾಲ್ಕು ಮಕ್ಕಳ ಹಲ್ಲು ಹುಳುಕಾಗಿವೆ; ಮನೆಗೆ ಚೀಟಿ ಕಳಿಸಿದ್ದೇನೆ. ಸೆಲ್ಲಿನ ಅಂಗಡಿ ಶಾಲೆಯ ಎದುರಿಗೇ ಇದೆ ಅಕ್ಕಾ.

ಭಾವನಿಗೆ ನನ್ನ ನಮಸ್ಕಾರ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಬೇಕಂತೆ.

ನಿನ್ನ ತಂಗಿ

ತಾ.ಕ.: ಇರುವೆಯ ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, 'ಮಿಷನ್ ಮುಂದೆ ಕೂತಾಗ ಸುಮ್ನಿರ್ಲಿ ಅಂತ ಮಿಠಾಯಿ ಕೊಡ್ತಿದ್ದೆ ಟೀಚರ್. ನೀವು ವಾರವಾರ ನೋಡ್ತಿದ್ರಿ, ಹಾಳು ಮಾಡಿದ್ದು ನಾನೇ' ಎಂದು ಅತ್ತಳು. ಗಂಡ ಎಲ್ಲರೆದುರೇ ಅವಳನ್ನು ಬಯ್ಯುತ್ತಿದ್ದ. ನಾನು ತಲೆಯಾಡಿಸಿದೆ ಅಕ್ಕಾ, ಹೌದು ಅನ್ನುವ ಹಾಗೆ. ಈಗ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಈ ಕಾಗದವನ್ನು ಅಂಚೆಡಬ್ಬಿಗೆ ಹಾಕಿ ನೇರ ಆಸ್ಪತ್ರೆಗೇ ಹೋಗುತ್ತೇನೆ. ಗಂಡ ಎದುರಿಗಿದ್ದಾಗಲೇ ಹೇಳಬೇಕು. ಲೈಟ್ ಹತ್ತಿರಲಿಲ್ಲ, ನೀನು ಹೇಳಿದ್ದೇ ಸರಿ ಎಂದು ಇರುವೆಗೂ ಹೇಳಬೇಕು.