ಮಹತಿಯ ಸ್ಕೆಚ್‌ಬುಕ್‌ಗೆ ಒಂದು ಚಿತ್ರ

ನವೆಂಬರ್ 4, ಬೆಳಿಗ್ಗೆ 6.30
ಹಾಲಿನವನಿಗೆ ಇನ್ನು ಅರ್ಧ ಲೀಟರ್ ಸಾಕು ಎಂದೆ. ಇಷ್ಟು ಹೇಳಲು ಮೂರು ತಿಂಗಳು ಬೇಕಾಯಿತು. ಮಹತಿಯ ಪಾಲಿನ ಹಾಲು ದಿನಾ ಸಿಂಕಿಗೆ ಹೋಗುತ್ತಿತ್ತು. ಡೆಂಗ್ಯೂ ಎಂದು ಗೊತ್ತಾಗಿ ಐದೇ ದಿನಕ್ಕೆ ಹೋಗಿಬಿಟ್ಟಳು ನನ್ನ ಮಗಳು.
ತಿಂಗಳ ಕೊನೆಗೆ ಅಲ್ಲಾಳಸಂದ್ರದ ಈ ಮನೆ ಬಿಡುತ್ತೇವೆ. ನಾಗಸಂದ್ರದಲ್ಲಿ ಒಂದು ಸಿಕ್ಕಿದೆ. ಇಲ್ಲಿರಲು ಇಬ್ಬರಿಗೂ ಆಗುತ್ತಿಲ್ಲ.

ನವೆಂಬರ್ 9
ಪ್ಯಾಕಿಂಗ್. ಅವಳ ಆರನೇ ಬರ್ತ್‌ಡೇಗೆಂದು ತಂದಿಟ್ಟ ಸ್ಕೆಚ್‌ಬುಕ್ ಸಿಕ್ಕಿತು. ಬರ್ತ್‌ಡೇ ಬರಲೇ ಇಲ್ಲ. ಖಾಲಿ ಕಂದು ರಟ್ಟು. ಅಂಗಡಿಯಲ್ಲೇ ಹೇಳಿದ್ದಳು — "ಅಮ್ಮ, ಕವರ್ ಮೇಲೆ ನಾನ್ ಬರ್ದಿರೋ ಚಿತ್ರಾನೇ ಅಂಟಿಸ್ಬೇಕು."
ಅಷ್ಟಾದರೂ ಮಾಡುತ್ತೇನೆ.

ನವೆಂಬರ್ 10
ಸ್ಕೂಲ್ ಫೈಲ್ ಪೂರ್ತಿ ಹುಡುಕಿದೆ. ನವಿಲು, ಆಪಲ್, ಕೊಡೆ. ಎಲ್ಲ ಮಿಸ್ ಕೊಟ್ಟ ಪ್ರಿಂಟ್‌ಔಟ್, ಇವಳು ಬಣ್ಣ ತುಂಬಿದ್ದಷ್ಟೇ. ಎಲ್ಲದಕ್ಕೂ ಸ್ಟಾರ್. ಸ್ಟಾರ್ ಕೊಡುವುದೊಂದು ಗೊತ್ತು ಇವರಿಗೆ. ಯಾವುದೂ ಅವಳದಲ್ಲ.
ಕಶ್ಯಪ್, "ರೂಮಿನ ಬಾಗಿಲ ಹಿಂದೆ ಇದ್ಯಲ್ಲ," ಎಂದ. ಗಂಡನನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ.

ನವೆಂಬರ್ 16
ಆರು ದಿನ ಆ ಬಾಗಿಲು ತೆರೆದೇ ಇಟ್ಟೆ, ಹಿಂದಿನ ಗೋಡೆ ಕಾಣದಿರಲಿ ಎಂದು.
ಬರೆದುಬಿಡುತ್ತೇನೆ. ಜೂನ್‌ನಲ್ಲಿ, ಓನರ್ ಪಟಾಲಮ್ಮ ಅಗ್ರಿಮೆಂಟ್‌ಗೆ ಬರುವ ದಿನ, ಗೋಡೆ ಮೇಲೆ ಕ್ರೇಯಾನ್‌ನಲ್ಲಿ ನಮ್ಮ ಮೂವರನ್ನೂ ಬರೆದಿದ್ದಳು. ಬೈದೆ. ಒದ್ದೆ ಬಟ್ಟೆ ಕೊಟ್ಟು ಉಜ್ಜಿಸಿದೆ. ಮೊದಲು ತನ್ನನ್ನೇ ಅಳಿಸಿಕೊಂಡಳು. "ನಂದು ಚಿಕ್ಕದು, ಬೇಗ ಹೋಗುತ್ತೆ."
ಅಷ್ಟರಲ್ಲಿ ಬೆಲ್ ಆಯಿತು. ಗೋಡೆ ಮೇಲೆ ಕಶ್ಯಪ್, ನಾನು ಇಬ್ಬರೇ ಉಳಿದುಕೊಂಡೆವು.

ನವೆಂಬರ್ 17
ನಾಳೆ ಪೇಂಟರ್ ಬರುತ್ತಾನೆಂದು ಹೇಳಲು ಪಟಾಲಮ್ಮ ಬಂದಿದ್ದರು. ಗೋಡೆ ಹಾಳಾಗಿದ್ದಕ್ಕೆ ಸಾರಿ ಕೇಳಿದೆ. "ಅವತ್ತೇ ನೋಡಿದ್ನಲ್ಲವ್ವ. ಮಕ್ಳಿರೋ ಮನೆ ಇಂಗೇ ಇರ್ಬೇಕು," ಎಂದರು.
ಬೈದಿದ್ದು ಸುಮ್ಮಸುಮ್ಮನೆ. ಅವರು ಹೋದ ಮೇಲೆ ಜೋರಾಗಿ ಅತ್ತೆ.

ನವೆಂಬರ್ 18, ಬೆಳಿಗ್ಗೆ 8
ಪೇಂಟರ್ ಹತ್ತಕ್ಕೆ ಬರುತ್ತಾನೆ. ಗೋಡೆಗೆ ಬಟರ್ ಪೇಪರ್ ಹಿಡಿದು ಟ್ರೇಸ್ ಮಾಡಿದೆ. ಇದೇ ಕವರ್‌ಗೆ. ಕಶ್ಯಪ್‌ನ ಕನ್ನಡಕ, ನನ್ನ ದೊಡ್ಡ ಬಿಂದಿ. ಇಬ್ಬರದೂ ಒಂದೊಂದು ಕೈ ನಡುವೆ ಅವಳು ಉಜ್ಜಿದ ಕಲೆಯ ಕಡೆಗೆ ಚಾಚಿದೆ.
"ಅವಳನ್ನೂ ಬರ್ದ್ಬಿಡು," ಎಂದ ಕಶ್ಯಪ್.
ಪೆನ್ಸಿಲ್ ಹಿಡಿದು ಕೂತಿದ್ದೇನೆ. ತನಗೆ ಎರಡು ಜಡೆ ಬರೆದುಕೊಂಡಿದ್ದಳೋ, ಒಂದೋ… ಫ್ರಾಕ್ ಯಾವ ಬಣ್ಣ… ನಾನು ನೋಡಲೇ ಇಲ್ಲ. ಬೈಯುತ್ತಾ ಇದ್ದೆ, ಅವಳು ಅಳಿಸುತ್ತಾ ಇದ್ದಳು.