ತಿರುಗಿ ಬಂದ ಡಬ್ಬಿ

ಜಮಖಂಡಿ
೧೪ ಮಾರ್ಚ್ ೨೦೨೪

ಮಗಳು ರಾಜಶ್ರೀಗೆ, ನಿನ್ನ ಅವ್ವನ ಆಶೀರ್ವಾದ.

ಆರು ವರ್ಷ ತಡವಾಗಿ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ತಪ್ಪಾಯಿತು ಎನ್ನುತ್ತೇನೆ, ಉಳಿದದ್ದಕ್ಕಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬೈದು ಇಟ್ಟುಬಿಡುತ್ತೇನೆ, ಅದಕ್ಕೇ ಕಾಗದ. ನನ್ನ ಮಾತು ಮೀರಿ ತೇರದಾಳದ ಜೈನರ ಮನೆ ಸೇರಿದವಳು ನೀನು. ಈಗ ಆ ಮಂದಿಯದೇ ಒಂದು ವಿಷಯ ನಿನ್ನನ್ನು ಕೇಳಬೇಕಾಗಿದೆ.

ನಮ್ಮ ಪ್ಲಾಟಿನ ಸುತ್ತ ಈಗ ನಲವತ್ತು ಮನೆಗಳಾಗಿವೆ. ಎದುರು ಮನೆಗೆ ಶಾಂತವ್ವ ಎಂಬ ಜೈನರ ಹೆಂಗಸು ಬಂದಿದ್ದಾಳೆ. ಬಂದ ತಿಂಗಳೇ ನೀರಿನ ಟಾಕಿಯ ಕೆಳಗೆ ಒಂದು ಟೇಬಲ್ ಹಾಕಿಸಿದಳು. ಹಿತ್ತಲಲ್ಲಿ ಹೆಚ್ಚಾದ ಲಿಂಬಿ, ಕರಿಬೇವು, ಪೇರಲ ಯಾರು ಬೇಕಾದರೂ ಇಡಬಹುದಂತೆ, ಯಾರು ಬೇಕಾದರೂ ಒಯ್ಯಬಹುದಂತೆ. ಎಲ್ಲರೂ ಕುಣಿದರು. ನಾನು ಏನೂ ಇಡಲಿಲ್ಲ. ಶಾಂತವ್ವ ನಮ್ಮ ಗೇಟಿಗೇ ಬಂದಳು.

“ಶಿವಗಂಗವ್ವಾರ, ನಿಮ್ಮ ನುಗ್ಗಿಕಾಯಿ ಗಿಡದಾಗ ಒಣಗಾಕತ್ತಾವಲ್ರಿ. ನಾಕು ಕಾಯಿ ಟೇಬಲ್ ಮ್ಯಾಲೆ ಇಡ್ರಲಾ.”

“ಕೊಡೂದಿದ್ರ ಮನಿ ಮಟಾ ಹೋಗಿ ಕೈಯಾಗ ಕೊಡ್ತೇವ್ರಿ. ಇಟ್ಟು ಬರಾಕ ಅದೇನು ಕಾಗಿಗಿಡೂ ಎಡಿ ಏನು?” ಎಂದೆ.

ಹಿಂದಿನ ಮನೆಯ ಹಾಲವ್ವ ಗೋಡೆಯ ಮೇಲಿಂದ ನಕ್ಕಳು. “ಶಾಂತಕ್ಕಾ, ಬಿಡ ಬೇ. ಆಕಿ ಗಿಡದಾಗ ಕಾಗಿ ಕೂಡಬೇಕಂದ್ರೂ ಆಕೀನ್ನ ಕೇಳಬೇಕು.”

ಕೊಡುವುದು ಹೇಗೆಂದು ತೋರಿಸಿಯೇ ಬಿಡೋಣ ಎನಿಸಿತು. ಮರುದಿನ ಉಳ್ಳಾಗಡ್ಡಿ, ಬಳ್ಳೊಳ್ಳಿ ಅರೆದು ಹಾಕಿ ನುಗ್ಗಿಕಾಯಿ ಪಲ್ಯ ಮಾಡಿದೆ, ಸಜ್ಜಿ ರೊಟ್ಟಿ ಬಡಿದೆ, ಸ್ಟೀಲ್ ಡಬ್ಬಿ ತುಂಬಿ ನಾನೇ ಒಯ್ದೆ. ಅವರೂ ನಮ್ಮಂತೆ ಮಾಂಸ ಮುಟ್ಟದವರು, ಮತ್ತೇನು ಅಡ್ಡಿ ಎಂದುಕೊಂಡಿದ್ದೆ. ಅವಳು ಮುಚ್ಚಳವನ್ನೂ ತೆಗೆಯಲಿಲ್ಲ. ವಾಸನೆಗೇ ಗೊತ್ತಾಗಿತ್ತು.

“ತಪ್ಪ ತಿಳ್ಕೋಬ್ಯಾಡ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ನೆಲದಾಗಿನ ಯಾವ ಗಡ್ಡೀನೂ ತಿನ್ನೂದಿಲ್ಲಂತ ವ್ರತಾ ತಗೊಂಡೇನ್ರಿ. ಹಸೀಕಾಯಿ ಕೊಡ್ರಿ, ಮಾಡ್ಕೊಂಡು ಉಣ್ತೇನಿ.”

ಡಬ್ಬಿ ಕಸಿದುಕೊಂಡು ಬಂದೆ. ಓಣಿಯೆಲ್ಲ ನೋಡಿತು. ಉಳ್ಳಾಗಡ್ಡಿ ತಿನ್ನುವ ಜೈನರನ್ನು ನಾನು ಕಂಡಿಲ್ಲವೇ? ಆ ವ್ರತ ಖರೆಯೋ ನೆಪವೋ, ನಿನ್ನ ಅತ್ತೆಯನ್ನು ಕೇಳಿ ಒಂದು ಸಾಲು ಬರೆ. ನೆಪವಾದರೆ ಆ ಟೇಬಲ್ ನಾನೇ ಎತ್ತಿ ಒಗೆಯುತ್ತೇನೆ.

ನಿನ್ನ ಮಗಳಿಗೆ ಭಕ್ತಿ ಎಂದು ಹೆಸರಿಟ್ಟದ್ದು ಕಿವಿಗೆ ಬಿದ್ದಿದೆ. ಅವಳು ನೂರು ವರ್ಷ ಬಾಳಲಿ. ಅಳಿಯನಿಗೂ ಆಶೀರ್ವಾದ ಎಂದು ಬರೆಯುವುದು ರೂಢಿ. ಬರೆದಿದ್ದೇನೆ.

ನಿನ್ನ ಅವ್ವ,
ಶಿವಗಂಗವ್ವ

ತಾ.ಕ.: ಮದುವೆಯಾದ ಹೊಸತರಲ್ಲಿ ನೀನೂ ಒಂದು ಡಬ್ಬಿ ಹಿಡಿದು ಬಂದಿದ್ದೆ. ನಾನು ಗೇಟು ತೆಗೆಯಲಿಲ್ಲ. ತುಂಬಿದ ಡಬ್ಬಿ ತಿರುಗಿ ತರುವಾಗ ಎಷ್ಟು ಭಾರ ಎಂದು ಮೊನ್ನೆ ತಿಳಿಯಿತು. ನಾನು ಹೊತ್ತದ್ದು ರಸ್ತೆ ದಾಟುವಷ್ಟು ದೂರ. ನೀನು ಬಸ್ಸಿನಲ್ಲಿ ತೇರದಾಳದ ತನಕ. ಶಾಂತವ್ವನಿಗೆ ವ್ರತವಾದರೂ ಇತ್ತು.

ಅದರಲ್ಲಿ ಏನು ತಂದಿದ್ದೆ, ಬರೆ.