ಕೆಂಪು ದೀಪದ ಗುಂಡಿ

ಜುಲೈ 4, ಮಧ್ಯಾಹ್ನ

ಇವತ್ತೂ ಹೆಡ್‌ಫೋನ್ ಹಾಕಿಕೊಂಡು ಕೂತದ್ದೇ ಕೂತದ್ದು. ಕಿವಿ ಕೆಂಡ. ಯೂನಿವರ್ಸಿಟಿ ಲೈಬ್ರರಿಯ ಹಿಂದಿನ ರೆಕಾರ್ಡಿಂಗ್ ಕೋಣೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ನಾವು ರಿಟೈರ್ಡ್ ಮಂದಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುತ್ತೇವೆ. ಗಾಜಿನ ಒಳಗೆ ಓದುವವರು. ಹೊರಗೆ ಅದೇ ಪುಸ್ತಕ ಹಿಡಿದು ಕೇಳುವವರು. ತಪ್ಪು ಕಂಡರೆ ಹೊರಗಿನವರು ಗುಂಡಿ ಒತ್ತಬೇಕು — ಒಳಗೆ ಕೆಂಪು ದೀಪ. ಆ ವಾಕ್ಯ ಅಳಿಸಿಹೋಗುತ್ತದೆ, ಮತ್ತೆ ಓದಬೇಕು.

ನಾನು ಯಾವತ್ತೂ ಹೊರಗೆ. ಓದಿ ಅಂತ ಕರೆದರೂ ಒಲ್ಲೆ ಅಂದಿದ್ದೇನೆ.

ನಾಳೆಯಿಂದ ಲಾ ಓದುವ ಹುಡುಗಿಯ ಪುಸ್ತಕಕ್ಕೆ ಹೊಸ ಓದುಗಾರ್ತಿಯಂತೆ. ಯಾರೋ ಏನೋ.

ಜುಲೈ 5

ಅವಳೇ! ಹೆಡ್‌ಮೇಡಂ! ಇಡೀ ಊರಲ್ಲಿ ಇವಳೇ ಸಿಗಬೇಕಿತ್ತಾ?

“ಅರೆ, ನೀವಾ? ಎಷ್ಟು ವರ್ಷ ಆಯ್ತ್ರೀ! ಸ್ವಲ್ಪ ದಪ್ಪ ಆಗಿದ್ದೀರಿ.” ಹಲ್ಲು ಕಿರಿದೆ. ಇನ್ನೇನು ಮಾಡಲಿ.

ಆಗ ನಾನು ಟೀಚರ್, ಇವಳು ನಮ್ಮ ಶಾಲೆಯ ಹೆಡ್‌ಮೇಡಂ. ವಾರ್ಷಿಕೋತ್ಸವ. ನಿರೂಪಣೆಗೆ ನಾನು. ವಾರವಿಡೀ ಕನ್ನಡಿ ಮುಂದೆ ನಿಂತು ತಯಾರಿ ಮಾಡಿದ್ದೆ. ಎರಡು ಮಾತು ಆಡಿರಲಿಲ್ಲ, ಬಂದು ಕೈಯಿಂದ ಮೈಕ್ ಕಿತ್ತುಕೊಂಡಳು. “ತಗಡು ಗೀಚಿದ ಹಾಗಿದೆ ನಿಮ್ಮ ದನಿ. ಕೊಡಿ ಇಲ್ಲಿ.” ಮೈಕ್ ಆನ್ ಇತ್ತು. ಮಕ್ಕಳು, ತಂದೆತಾಯಂದಿರು, ಎಲ್ಲರೂ ಗೊಳ್ಳೆಂದರು. ಮರುದಿನದಿಂದ ನಾನು ತಗಡು ಟೀಚರ್. ರಿಟೈರ್ ಆಗುವವರೆಗೂ. ಅಂದಿನಿಂದ ಮೈಕ್ ಮುಟ್ಟಿಲ್ಲ.

ಈಗ ಅವಳು ಗಾಜಿನ ಒಳಗೆ. ಗುಂಡಿ ನನ್ನ ಕೈಲಿ. ಬಾ ತಾಯಿ, ಬಾ.

ಜುಲೈ 9

ಒಂದು ಸಾಲು ಹಾರಿಸಿಬಿಟ್ಟಳು. ಒತ್ತಿದೆ. ದೀಪ ಹತ್ತಿತು, ಮಾತು ಗಂಟಲಲ್ಲೇ ನಿಂತಿತು. ಇಂಗು ತಿಂದ ಮಂಗನ ಮುಖ! ಆಹಾ… ಹೊಟ್ಟೆ ತಣ್ಣಗಾಯಿತು. ಮನೆಗೆ ಬಂದು ಎರಡು ಸಲ ಊಟ ಬಡಿಸಿಕೊಂಡೆ.

ಇವರು ಕೇಳಿದರು, “ಏನೇ, ಪ್ರಮೋಷನ್ ಬಂತಾ?”

ಜುಲೈ 18

ಹಾಳಾದವಳು ಚೆನ್ನಾಗಿ ಓದುತ್ತಾಳೆ. ಇಡೀ ಬೆಳಿಗ್ಗೆ ಒಂದೂ ತಪ್ಪಿಲ್ಲ. ನಾನು ಬೆರಳು ಚೀಪುತ್ತಾ ಕೂರಬೇಕಾ?

ಒತ್ತಿದೆ. ಸುಮ್ಮನೆ.

ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. “ತಪ್ಪಾಯ್ತಾ?” ಹೌದು ಅಂತ ತಲೆ ಆಡಿಸಿದೆ. ಮತ್ತೆ ಓದಿದಳು. ಹೇಗೂ ಮೊದಲು ಓದಿದ್ದು ಅಳಿಸಿಹೋಗಿದೆ. ಯಾರು ಕಂಡರು?

ಆಗಸ್ಟ್ 3

ದಿನಕ್ಕೆ ಮೂರು ಪುಟ ಕೂಡ ಸಾಗುತ್ತಿಲ್ಲ. ಸಾಗಗೊಟ್ಟರೆ ತಾನೆ. ಅವಳ ದನಿಯಲ್ಲಿ ಈಗ ನಡುಕ ಕೇಳಿಸುತ್ತದೆ. ಪ್ರತಿ ವಾಕ್ಯ ಮುಗಿಸಿ ದೀಪದ ಕಡೆ ನೋಡುತ್ತಾಳೆ. ನೋಡಲಿ. ನಾನೂ ಹೀಗೇ ಪ್ರತಿ ಮಾತಿಗೂ ಎದುರಿನವರ ಮುಖ ನೋಡುತ್ತಾ ಬದುಕಿದ್ದೇನೆ.

ಆಗಸ್ಟ್ 20

ಬರಲಿಲ್ಲ. ಫೋನ್ ಮಾಡಿ ಹೇಳಿದಳಂತೆ, ಇನ್ನು ಆಗೋದಿಲ್ಲ ಅಂತ. ಗೆದ್ದೆ!!

ಆಗಸ್ಟ್ 27, ಸಂಜೆ

ಲಾ ಹುಡುಗಿ ಕೋಲು ತಟ್ಟುತ್ತಾ ಬಂದಳು.

“ಆಂಟಿ, ಪರೀಕ್ಷೆಗೆ ಎರಡು ವಾರವೂ ಇಲ್ಲ. ಮೂರು ಅಧ್ಯಾಯ ಬಾಕಿ. ಈ ಪೇಪರ್ ಒಂದು ಸಲ ಹೋಗಿದೆ. ಇನ್ನೊಂದ್ಸಲ ಹೋದ್ರೆ ಹಾಸ್ಟೆಲ್ ಸೀಟ್ ಹೋಗುತ್ತೆ, ಓದೂ ಹೋಗುತ್ತೆ.”

“ಬೇರೆ ಯಾರಾದ್ರೂ…”

“ಎಲ್ರನ್ನೂ ಕೇಳಿದೆ. ಯಾರಿಗೂ ಪುರುಸೊತ್ತಿಲ್ಲ. ನೀವೇ ಓದಿಬಿಡಿ ಆಂಟಿ.”

“ನನ್ನ ದನಿ ಬೇಡಮ್ಮ. ಕೇಳೋಕಾಗಲ್ಲ.”

“ಮತ್ತೆ ನಾನೀಗ ಕೇಳ್ತಾ ಇರೋದು ಯಾರ ದನಿ?”

ಅವಳ ಜೊತೆ ಹಾಸ್ಟೆಲ್‌ವರೆಗೂ ನಡೆದೆ. ಈ ಹುಡುಗಿ ನನಗೇನು ಮಾಡಿದ್ದಳು?

ಆಗಸ್ಟ್ 29

ಹೋದೆ. ಹೆಡ್‌ಮೇಡಂ ಮನೆಗೆ. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ನನ್ನ ಕರ್ಮ.

ಟೀಪಾಯಿ ಮೇಲೆ ನ್ಯೂಸ್‌ಪೇಪರ್ ರಾಶಿ, ಮಡಿಕೆ ಕೂಡ ಬಿಚ್ಚಿಲ್ಲ. “ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ ಕಣ್ರೀ. ಕಣ್ಣು ಸರಿ ಇದೆಯಂತೆ. ಹಾಗಾದ್ರೆ ತಲೆಯೇ ಕೆಟ್ಟಿರಬೇಕು. ಸರಿಯಾಗಿ ಓದಿದೆ ಅನ್ಸತ್ತೆ, ದೀಪ ಹತ್ತತ್ತೆ. ಈಗ ಪೇಪರ್ ಕೂಡ ಓದಲ್ಲ. ಭಯ.”

ಇದೇ ಬೇಕಿತ್ತು ನನಗೆ. ಇಷ್ಟು ವರ್ಷ ಇದೇ. ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಆ ಹುಡುಗಿ…

“ಮೇಡಂ, ನಿಮ್ಮ ತಲೆ ಸರಿಯಾಗೇ ಇದೆ. ತಪ್ಪಿಲ್ಲದ ಕಡೆಯೂ ಗುಂಡಿ ಒತ್ತಿದ್ದು ನಾನು.”

ಅವಳು ಪೇಪರ್ ರಾಶಿಯನ್ನು ಪಕ್ಕಕ್ಕೆ ಸರಿಸಿದಳು.

“ಎಲ್ಲಾನೂ ಸುಳ್ಳಾ?”

“ಅರ್ಧಕ್ಕರ್ಧ.”

“ಇನ್ನರ್ಧ?”

“ಅದು ನಿಮ್ಮದೇ.”

“ಯಾಕ್ರೀ? ನಾನೇನು ಮಾಡಿದ್ದೆ ನಿಮಗೆ?”

ಹೇಳಿದೆ. ಮೈಕ್, ತಗಡು, ಮಕ್ಕಳ ನಗು, ಎಲ್ಲ. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟೆ, ನಾಚಿಕೆಗೇಡು. ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. “ನಾನು ಹಾಗಂದಿದ್ನಾ? ನೆನಪೇ ಇಲ್ಲವಲ್ಲ.”

ನೆನಪೇ ಇಲ್ಲ! ಮೈಯೆಲ್ಲ ಉರಿದುಹೋಯಿತು. ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದು ಇವಳಿಗೆ ನೆನಪೂ ಇಲ್ಲ!

“ಬರ್ತೀರಾ ಇಲ್ವಾ? ಆ ಹುಡುಗಿ ಪರೀಕ್ಷೆ ಇದೆ.”

“ಬರ್ತೀನಿ.” ಎದ್ದು ನಿಂತಳು. ಹಳೇ ಹೆಡ್‌ಮೇಡಂ, ಸ್ಟಾಫ್‌ರೂಮ್ ಬಾಗಿಲಲ್ಲಿ ನಿಲ್ಲುತ್ತಿದ್ದ ಅದೇ ನಿಲುವು. “ಆದ್ರೆ ಒಳಗೆ ಕೂತು ಓದೋದು ನೀವು. ಗುಂಡಿ ನನಗೆ.”

ಆಗಸ್ಟ್ 30, ಸಂಜೆ, ರೆಕಾರ್ಡಿಂಗ್ ಕೋಣೆ

ಮೊದಲ ವಾಕ್ಯ. ದೀಪ. ಮತ್ತೆ ಓದಿದೆ. ದೀಪ. ಮೂರನೇ ಸಲವೂ. ಸರಿಯಾಗೇ ಓದಿದ್ದೆ… ಓದಿದ್ದೆ ತಾನೆ? ಗಾಜಿನಾಚೆ ಅವಳ ಮುಖದಲ್ಲಿ ಏನೂ ಇಲ್ಲ. ಕಲ್ಲು. ಎದ್ದು ಓಡೋಣ ಅನ್ನಿಸಿತು. ಓಡಿದರೆ ಹುಡುಗಿಯ ಗತಿ?

ಹಲ್ಲು ಕಚ್ಚಿ ಓದಿದೆ. ಎರಡನೇ ಪುಟದಿಂದ ದೀಪವೇ ಇಲ್ಲ. ವಾಕ್ಯ ಮುಗಿದ ಕೂಡಲೇ ಅತ್ತ ನೋಡುತ್ತೇನೆ, ಇಲ್ಲ. ಹತ್ತಿದ್ದರೇ ವಾಸಿ ಇತ್ತು. ಅಧ್ಯಾಯ ಮುಗಿಯಿತು. ಹೊರಬಂದೆ, ಬೆನ್ನೆಲ್ಲ ಬೆವರು.

“ಆಮೇಲೆ ತಪ್ಪೇ ಬರಲಿಲ್ವಾ ಮೇಡಂ?”

ಬ್ಯಾಗ್ ಹೆಗಲಿಗೇರಿಸಿದಳು. “ಬಂತು. ಎಲ್ಲಿ ಅಂತ ಹೇಳಲ್ಲ. ಕೂತು ನೀವೇ ಕೇಳಿ, ಪೂರ್ತಿ. ನಾಳೆ ಹತ್ತಕ್ಕೆ ಬರ್ತೀನಿ.” ಚಪ್ಪಲಿ ಸದ್ದು ಮಾಡುತ್ತಾ ಹೋದಳು, ರಾಕ್ಷಸಿ.

ಬೆಳಿಗ್ಗೆ ಹುಡುಗಿ ಬರುತ್ತಾಳೆ. ತಪ್ಪು ಪಾಠ ಕೊಡುವ ಹಾಗಿಲ್ಲ. ಕೇಳಲೇಬೇಕು. ಇಷ್ಟು ವರ್ಷ ನಾನು ಕೇಳದ್ದು ನನ್ನ ದನಿ ಒಂದೇ.

ಹೆಡ್‌ಫೋನ್ ಹಾಕಿಕೊಂಡೆ. ಬಟನ್ ಒತ್ತಿದೆ. ಬಂತು. ಯಾರಪ್ಪಾ ಇದು? ಇದು ನನ್ನ ದನಿಯಾ? ಇದು ಹೇಗಿದೆ ಅಂದರೆ—